ಫುಟ್‌ಪಾತಿನ ಅಂಚಿಗೆ ರಂಗೋಲಿ ಎಳೆದ ಆಯಿ

ಎದುರುಮನೆ ಆಯಿಯ ಬಲಗೈಯ ಎರಡು ಬೆರಳ ತುದಿಗಳು ಸದಾ ಬೆಳ್ಳಗಿರುತ್ತಿದ್ದವು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ರಂಗೋಲಿ ಪುಡಿ ಉಳಿಯುತ್ತಿತ್ತು. ಅದೇ ಕೈಯಿಂದ ರೊಟ್ಟಿ ಮುರಿದು ಕೊಡುತ್ತಾ, "ತಿನ್ನ ಬೇ, ಕಲ್ಲಿನ ಪುಡಿ ಹೊಟ್ಟಿಗೆ ಹೋದ್ರ ಗಟ್ಟಿ ಆಗ್ತಿ" ಎಂದು ನಗುತ್ತಿದ್ದರು.

ನಾನು ಸಾರವಾಡದಿಂದ ಮದುವೆಯಾಗಿ ವಿಜಯಪುರದ ಈ ಓಣಿಗೆ ಬಂದವಳು. ಬಜಾರಕ್ಕೆ ಹತ್ತಿಕೊಂಡ ಓಣಿ, ಕೆಳಗೆ ಅಂಗಡಿ, ಮೇಲೆ ಮನೆ. ಹೊಸದರಲ್ಲಿ ಒಬ್ಬಳೇ ಹೊರಬೀಳಲು ಅಂಜುತ್ತಿದ್ದ ನನ್ನನ್ನು ದಿನಾ ಸಂಜೆ ಕಾಯಿಪಲ್ಲೆ ಪೇಟೆಗೆ ಕರೆದುಕೊಂಡು ಹೋದವರು ಆಯಿ. ಅವರಿಗೆ ನಾನು ಬಂಧುವೂ ಅಲ್ಲ, ಬಳಗವೂ ಅಲ್ಲ. ಅವರ ಜೊತೆ ನಡೆಯುವುದೆಂದರೆ ಹೆಜ್ಜೆಹೆಜ್ಜೆಗೆ ನಿಲ್ಲುವುದು. ಗಂಟು ಹೊತ್ತವಳು ಎದುರಾದರೆ "ಏನೈತವ್ವಾ ಗಂಟಿನಾಗ?" ಬಸ್ಸಿಳಿದು ಬರುವವಳನ್ನು ಕಂಡರೆ "ಕಾಖಂಡಕಿ ಕಡೆ ಮಳಿ ಆತೇನು?" ಯಾರೂ ಸಿಟ್ಟಾಗುತ್ತಿರಲಿಲ್ಲ. ಆಯಿಗೆ ಆ ಉತ್ತರ ನಿಜವಾಗಿಯೂ ಬೇಕಾಗಿದೆ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು.

ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯುದ್ದಕ್ಕೂ ಫುಟ್‌ಪಾತ್ ಆಯಿತು. ಕೆಂಪು ಟೈಲ್ಸಿನ ಮೇಲೆ ನಾವು ನಡೆದದ್ದು ಸ್ವಲ್ಪ ದಿನ. ಆಮೇಲೆ ಬಜಾರಕ್ಕೆ ಬಂದವರ ಬೈಕುಗಳು ಅದರ ಮೇಲೆ ಸಾಲಾಗಿ ಹತ್ತಿ ನಿಂತವು. ಒಂದು ದಿನ ಆ ಬೈಕುಗಳನ್ನು ಸುತ್ತಿಕೊಂಡು ರಸ್ತೆಗಿಳಿದ ಆಯಿಗೆ ಆಟೋ ತಗುಲಿತು. ಬಿದ್ದು ಎಡಗೈ ಮುರಿದುಕೊಂಡರು.

ಕೈ ಕೂಡಿತು, ಆದರೆ ಮಗ ಹೊರಗೆ ಬಿಡಲಿಲ್ಲ. ಒಳ್ಳೆಯ ಮನುಷ್ಯ, ತಾನೇ ದಿನಾ ಬೈಕಿನಲ್ಲಿ ಕಾಯಿಪಲ್ಲೆ ತಂದು ಹಾಕುತ್ತಿದ್ದ. ಆಯಿ ಅದನ್ನು ಮುಟ್ಟಿಯೂ ನೋಡುತ್ತಿರಲಿಲ್ಲ.

"ನಾ ಕಾಯಿಪಲ್ಲೆ ತರಾಕ ಹೋಗ್ತಿದ್ದೆ ಅಂತ ತಿಳಕೊಂಡಾನ" ಎಂದು ನನ್ನ ಮುಂದೆ ಹೇಳಿದರು. "ಮಂದಿ ಮಾರಿ ನೋಡಾಕ ಹೋಗ್ತಿದ್ದೆ ಬೇ. ಇಲ್ಲಿ ಕುಂತು ಕುಂತು ನನಗ ಏನೂ ಗೊತ್ತಾಗವಲ್ದು."

ಆಯಿ ಊಟ ಬಿಟ್ಟು ಕುಳಿತದ್ದಕ್ಕೆ ಮಗ ಕಡೆಗೆ ಒಂದು ಮಾತು ಒಪ್ಪಿಕೊಂಡ. "ಯವ್ವಾ, ಮನಿಯಿಂದ ಬಜಾರದ ತನಕ ಫುಟ್‌ಪಾತ್ ಬಿಟ್ಟು ಕೆಳಗ ರಸ್ತೆಕ್ಕ ಇಳೀದಂಗ ನಡದು ತೋರಿಸು. ಅವತ್ತು ನಾ ಬ್ಯಾಡ ಅನ್ನಾಂಗಿಲ್ಲ."

ಅದೇ ದಿನಗಳಲ್ಲಿ ಈ ಬೈಕುಗಳ ಸಲುವಾಗಿ ಓಣಿಯವರೆಲ್ಲ ಗುಡಿಯ ಪಡಸಾಲೆಯಲ್ಲಿ ಸೇರಿದರು. ಪಾಲಿಕೆಯಿಂದ ಬಂದ ಸಾಹೇಬರು, ನೀವೇ ಒಂದು ದಾರಿ ಹೇಳಿ, ಕೂಡಿ ಮಾಡೋಣ ಎಂದರು. ಒಬ್ಬರು ಬೋರ್ಡ್ ಎಂದರು, ಒಬ್ಬರು ಸರಪಳಿ ಎಂದರು. ಮಗನ ಜೊತೆ ಬಂದಿದ್ದ ಆಯಿ ಹೆಂಗಸರ ಸಾಲಿನಿಂದ ಕೇಳಿದರು, "ಮಂದಿ ಯಾತಕ್ಕ ಅಂಜತಾರ, ಅದನ್ನ ಯಾರರ ನೋಡೀರೇನು?" ಮಾತು ಮತ್ತೆ ಬೋರ್ಡು, ಸರಪಳಿಗೇ ಹೊರಳಿತು. ಆಯಿ ಮನೆಗೆ ಬಂದು ಮೆಟ್ಟಿಲ ಕೆಳಗಿನ ಬಾಗಿಲಲ್ಲಿ ಕುಳಿತು ತಾವೇ ನೋಡತೊಡಗಿದರು.

ಅವರಿಗೆ ಕಂಡದ್ದು ಇಷ್ಟು. ಹೊಸ್ತಿಲ ಮುಂದಿನ ರಂಗೋಲಿಯ ಮೇಲೆ ಯಾರೂ ಗಾಲಿ ಇಡುವುದಿಲ್ಲ. ಎಂಥ ಉಡಾಳನೂ ಬೈಕನ್ನು ಅಷ್ಟು ಆಚೆ ನಿಲ್ಲಿಸುತ್ತಾನೆ. ಮರುದಿನ ಬೆಳಗ್ಗೆ ಆಯಿ ತಮ್ಮ ಮನೆ ಮುಂದಿನ ಫುಟ್‌ಪಾತ್ ತುಂಬ ರಂಗೋಲಿ ಹಾಕಿದರು. ನಾನು ನಮ್ಮದರ ಮುಂದೆ ಹಾಕಿದೆ. ವಾರದಲ್ಲಿ ಓಣಿಯ ಹೆಂಗಸರೆಲ್ಲ ಹಾಕತೊಡಗಿದರು. ಪಕ್ಕದ ಗಡಿಯಾರ ರಿಪೇರಿ ಚಾಚಾ ಅಂಗಡಿಯಿಂದ ಹೊರಗೆ ಬಂದು, "ನನ್ನ ಮುಂದಿಂದೂ ನೀವ ಹಾಕ್ರಿ ಆಯಿ, ನನಗ ಚುಕ್ಕಿ ಬರಂಗಿಲ್ಲ" ಎಂದರು.

"ಗಡಿಯಾರದಾಗ ಸಾಸಿವಿಯಂಥಾ ತಿರುಪು ಕೂಡಸ್ತಿ, ಚುಕ್ಕಿ ಬರಂಗಿಲ್ಲೇನೋ ಮೈಗಳ್ಳ" ಎಂದು ಬೈಯುತ್ತಲೇ ಆಯಿ ಅಲ್ಲಿಯೂ ಕುಳಿತು ಚುಕ್ಕಿ ಇಟ್ಟರು.

ಬೈಕುಗಳು ಹೋದವು. ಓಣಿಗೆ ಓಣಿಯೇ ಹಿಗ್ಗಿತು. ಆದರೆ ಸಂಜೆ ಇಟ್ಟಂಗಿಹಾಳದಿಂದ ಸೊಪ್ಪು ಮಾರಲು ಬರುವ ಹೆಣ್ಣುಮಗಳು ಬುಟ್ಟಿ ಹೊತ್ತು ಬಂದಳು, ಫುಟ್‌ಪಾತಿನ ತುದಿಯಲ್ಲಿ ನಿಂತಳು, ಸೀರೆಯ ನಿರಿಗೆ ಎತ್ತಿ ಹಿಡಿದು ರಸ್ತೆಗೆ ಇಳಿದಳು. ಅವಳ ಹಿಂದೆ ಬಂದವರೂ ಇಳಿದರು.

"ಯಾಕವ್ವಾ, ಅಷ್ಟು ಜಾಗ ಬಿಟ್ಟು ಕೆಳಗ ಹೊಂಟಿ?"

"ಮತ್ತ ರಂಗೋಲಿ ತುಳೀಲೇನ್ರಿ ಆಯಿ? ಕಾಲಿಗೆ ಹತ್ತಿದ್ರ ಪಾಪ."

ಚಾಚಾ ಅಂಗಡಿಯೊಳಗಿನಿಂದಲೇ ಅಂದರು, "ನಿಮ್ಮ ರಂಗೋಲಿಗೆ ಗಾಡಿನೂ ಅಂಜಿದ್ವು, ಮಂದಿನೂ ಅಂಜಿದ್ರು. ಇನ್ನ ನಾಯಿ ಒಂದ ಅಡ್ಯಾಡಬೇಕು."

ನಾವೆಲ್ಲ ಬೆಪ್ಪಾದೆವು. ಮಗ ಮುಗುಳ್ನಕ್ಕು ಒಳಗೆ ಹೋದ. ಆಯಿ ಬೇಜಾರು ಮಾಡಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಸೊಪ್ಪಿನವಳನ್ನು ಕರೆದು ನೀರು ಕೊಟ್ಟು, ಎಷ್ಟು ಜಾಗ ಬಿಟ್ಟರೆ ಮೇಲೆ ನಡೆಯುತ್ತೀ ಎಂದು ಕೇಳುತ್ತಾ ಕುಳಿತರು. ಅವಳು ಬುಟ್ಟಿ ಹೊತ್ತು ನಡೆದು ತೋರಿಸಿದಳು. ನನಗೆ ಇನ್ನೊಂದು ಬುಟ್ಟಿ ಹೊರಿಸಿ ಎದುರಿನಿಂದ ಬರಲು ಹೇಳಿದರು. ಬುಟ್ಟಿಗೆ ಬುಟ್ಟಿ ತಾಗಿತು. "ಸರಿ ಸರಿ, ಇನ್ನಷ್ಟು ಸರಿ" ಎನ್ನುತ್ತಾ ಆಯಿ ನೆಲ ನೋಡುತ್ತಿದ್ದರು. ಅಂಗಡಿಯವರು ಕೆಲಸ ಬಿಟ್ಟು ನೋಡುತ್ತಿದ್ದರು. ನನಗೆ ನಾಚಿಕೆ, ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಮರುದಿನದಿಂದ ನಡುವೆ ರಂಗೋಲಿ ಇಲ್ಲ. ರಸ್ತೆಯ ಕಡೆಯ ಅಂಚಿಗೆ ಮಾತ್ರ ಒಂದು ಬಳ್ಳಿ, ಒಂದು ಮನೆಯವರು ಬಿಟ್ಟಲ್ಲಿಂದ ಇನ್ನೊಂದು ಮನೆಯವರು ಎಳೆದದ್ದು. ಬೈಕು ಮೇಲೆ ಹತ್ತಬೇಕಾದರೆ ಬಳ್ಳಿ ಅಳಿಸಬೇಕು. ನಡೆಯುವವರಿಗೆ ಒಳಗೆ ಹಾದಿ. ಸಾಹೇಬರು ಮತ್ತೆ ಬಂದಾಗ ಆಯಿ ಅವರನ್ನೇ ಮೇಲೆ ಕೆಳಗೆ ನಡೆಸಿದರು. ಆಮೇಲೆ ಪಾಲಿಕೆಯವರು ಆ ಬಳ್ಳಿಯ ಗುಂಟ ಗಿಡ್ಡ ಕಲ್ಲುಗಳನ್ನು ನೆಟ್ಟರು. ಮೂಲೆಯ ಜ್ಯೂಸ್ ಅಂಗಡಿಯ ಮುಂದೆ ಇಂದಿಗೂ ಜಗಳ ಇದೆ. ಉಳಿದಂತೆ ಹಾದಿ ಆಯಿತು.

ಆ ವರ್ಷ ಮಳೆಗಾಲ ಮುಗಿಯುವ ಮೊದಲೇ ಆಯಿ ದವಾಖಾನೆಯಲ್ಲಿ ತೀರಿಕೊಂಡರು. ಅಲ್ಲಿಯ ಹಾಸಿಗೆ, ಮೂಗಿನ ನಳಿಕೆ ಎಲ್ಲ ನಾನು ನೋಡಿದ್ದೇನೆ. ಅದನ್ನು ಬರೆಯಲು ಮನಸ್ಸಿಲ್ಲ. ಆಯಿ ಹೋದರು ಎಂದು ಯಾರಾದರೂ ಅಂದಾಗ ನನಗೆ ನೆನಪಾಗುವುದು ಅದಕ್ಕೂ ಮೊದಲಿನ ಒಂದು ಸಂಜೆ.

ಕಲ್ಲು ನೆಟ್ಟ ಮರುದಿನ ಅವರು ಇಳಕಲ್ ಸೀರೆ ಉಟ್ಟು, ಚೀಲ ಹಿಡಿದು ಕೆಳಗಿಳಿದರು. ನಾನೂ ಚಪ್ಪಲಿ ಮೆಟ್ಟಿದೆ.

"ನೀ ಎಲ್ಲಿಗೆ?"

"ನಿಮ್ಮ ಜೋಡಿ ಬರ್ತೀನ್ರಿ."

"ನೀ ಬಂದ್ರ ನಾ ಹೋದಂಗ ಆಗೂದಿಲ್ಲ. ಕುಂದರು."

ಮಗ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಬೇಡ ಅನ್ನಲಿಲ್ಲ. ಆಯಿ ಮೊದಲು ನಿಧಾನವಾಗಿ, ಆಮೇಲೆ ತಮ್ಮ ಎಂದಿನ ನಡಿಗೆಯಲ್ಲಿ ಹೊರಟರು. ಚಾಚಾ ಎದ್ದು ನಿಂತು ಏನೋ ಚೇಷ್ಟೆ ಮಾಡಿದರು, ಆಯಿ ಕೈ ಬೀಸಿ ಬೈದರು. ಇನ್ನಷ್ಟು ಮುಂದೆ, ಎದುರಿನಿಂದ ದೊಡ್ಡ ಗಂಟು ಹೊತ್ತ ಹೆಂಗಸೊಬ್ಬಳು ಬಂದಳು. ಆಯಿ ನಿಂತರು. ಆಕೆ ಗಂಟು ಇಳಿಸಿ, ಬಿಚ್ಚಿ ತೋರಿಸಿದಳು. ಇಬ್ಬರೂ ಬಗ್ಗಿ ನೋಡತೊಡಗಿದರು.

"ನಡೀ ಅಂದ್ರ ನಿಂತು ಬಿಟ್ಳಲ್ಲ" ಎಂದು ಮಗ ಹೊಸ್ತಿಲ ಮೇಲೆ ಕುಳಿತ.

ಹಿಂದಿನಿಂದ ಬಂದವರು ಅವರಿಬ್ಬರನ್ನು ದಾಟಿ ಹೋಗುತ್ತಿದ್ದರು. ಯಾರೂ ರಸ್ತೆಗೆ ಇಳಿಯಬೇಕಾಗಲಿಲ್ಲ.