ಮೂರನೇ ಲಿಮಿಟ್ ಸೈಕಲ್

"ಅಮ್ಮ, ಮಹಡಿ ಮಾಮನ ಸೈಕಲ್ ಕದ್ದೋರು ಸಿಕ್ಕಿದ್ರಾ?" ಎಂದು ಹರ್ಷಿತಾ ಹಲ್ಲುಜ್ಜುತ್ತಾ ಕೇಳಿದಳು. ಕಳ್ಳತನವೇ ಆಗಿರಲಿಲ್ಲ. ಆಗಿದೆ ಎಂದು ಬೀದಿಗೆಲ್ಲ ಸಾರಿದವಳು ನಾನು.

ಗುಂಡ್ಲುಪೇಟೆಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಮರಿಮಲ್ಲಪ್ಪ ಭೀಮನಬೀಡಿನವರು; ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾ ಪಿಎಚ್.ಡಿ.ಗೆ ಓದುತ್ತಿದ್ದಾರೆ. ಸೋಮವಾರ ಊರಿಂದ ಬರುವಾಗ ನಮಗೊಂದು ಚೀಲ ಬೀನ್ಸ್ ತರುತ್ತಾರೆ. ಕಾಗದ ಸಾಲದಿದ್ದರೆ ಮೆಟ್ಟಿಲ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದು, ಅತ್ತೆ ಏಳುವ ಮೊದಲೇ ಒರೆಸಿಬಿಡುತ್ತಾರೆ.

ಅವರು ಹೊಸದಾಗಿ ಕೊಂಡ ಮೊಬೈಲಿಗೆ ಸಿಗ್ನಲ್ ಸಿಗುವುದೂ ಆ ಮೆಟ್ಟಿಲ ಮೇಲೆಯೇ. ಹೋದ ವಾರ ಅವರು ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತು: "ಎರಡು ಲಿಮಿಟ್ ಸೈಕಲ್ ಸಿಕ್ಕವೆ ಸಾರ್. ಮೂರನೇದು ಇನ್ನೂ ಸಿಗ್ತಿಲ್ಲ."

ಪಾಪ, ಮೂರು ಸೈಕಲ್ ಕಳೆದುಕೊಂಡಿದ್ದಾರೆ ಎಂದುಕೊಂಡೆ. ಒಬ್ಬರಿಗೆ ಮೂರು ಯಾಕೆ ಎಂದು ಯೋಚಿಸುವಷ್ಟು ಬುದ್ಧಿ ನನಗೆಲ್ಲಿ? ಸಿಕ್ಕ ಎರಡನ್ನು ನಿಲ್ಲಿಸಲಿ ಎಂದು ಮೆಟ್ಟಿಲ ಕೆಳಗಿನ ರಾಗಿ ಮೂಟೆ ಎತ್ತಿಸಿ ಜಾಗ ಮಾಡಿದೆ. ಸೈಕಲ್ ಶಾಪಿನ ನಾಗಯ್ಯನಿಗೂ ಹೇಳಿಟ್ಟೆ. ನಿನ್ನೆ ಸಂಜೆ ಅವನು ಬಾಗಿಲಿಗೇ ಬಂದ.

"ಲಿಮಿಟ್ಟು ಅಂದ್ರ ಯಾವ ಕಂಪ್ನಿದವ್ವ? ಕಲರ್ರಾದ್ರೂ ಯೋಳಿ."

ಮರಿಮಲ್ಲಪ್ಪ ಆಗ ಕಾಲೇಜಿನಿಂದ ಬರುತ್ತಿದ್ದರು. ಕೇಳಿ, ನಗುತ್ತಾ ಮೆಟ್ಟಿಲ ಮೇಲೇ ಕುಳಿತುಬಿಟ್ಟರು.

"ಅದು ತುಳಿಯೋ ಸೈಕಲ್ ಅಲ್ಲ ಕಣಕ್ಕ. ಒಂದೇ ಮೇವಿಗೆ ಪೈಪೋಟಿ ಮಾಡೋ ಪ್ರಾಣಿಗಳ ಲೆಕ್ಕ. ಎರಡೇ ಜಾತಿ ಇದ್ರೆ ಒಂದು ಗೆಲ್ತದೆ, ಇಲ್ಲ ಎರಡೂ ಒಂದು ಅಳತೆಗೆ ಬಂದು ನಿಂತ್ಬುಡ್ತವೆ. ಮೂರಾದ್ರೆ ಒಂದು ಏರಿ ಒಂದು ಇಳಿದು ಸುತ್ತುತಾನೇ ಇರಬೌದು."

"ನಮ್ಮನೆ ರಿಮೋಟ್ ಥರಾನಾ?" ಎಂದೆ. ಹರ್ಷಿತಾ ಕಾರ್ಟೂನ್ ಹಾಕಿದರೆ ಅವರಪ್ಪ ಗದರಿ ಕ್ರಿಕೆಟ್ ಹಾಕುತ್ತಾರೆ. ಅತ್ತೆ ಬಂದರೆ ಅವರು ಮಾತಾಡದೆ ರಿಮೋಟ್ ಒಪ್ಪಿಸುತ್ತಾರೆ. ಹರ್ಷಿತಾ ಮುಖ ಊದಿಸಿದರೆ ಅತ್ತೆ ಧಾರಾವಾಹಿ ಬಿಟ್ಟು ಮತ್ತೆ ಕಾರ್ಟೂನ್. ರಿಮೋಟ್ ನನ್ನ ಕೈಗೆ ಬರುವುದು ಬ್ಯಾಟರಿ ಬದಲಿಸುವಾಗ ಮಾತ್ರ.

"ನೆಂಟರು ಬಂದು ಕೆಡಿಸಿದ್ರೆ?" ಎಂದು ಮರಿಮಲ್ಲಪ್ಪ ಕೇಳಿದರು.

"ಅವ್ರು ಹೋದ್ಮೇಲೆ ಮತ್ತೆ ಅದೇ ಸುತ್ತಿಗೆ ಬರತ್ತೆ."

"ಅದೇ ಅಕ್ಕ ಲಿಮಿಟ್ ಸೈಕಲ್. ಪಕ್ಕಕ್ಕೆ ತಳ್ಳಿದ್ರೂ ಅದೇ ಸುತ್ತಿಗೆ ಎಳ್ಕೊತದೆ."

ಪಿಯುಸಿಯಲ್ಲಿ ಗಣಿತಕ್ಕೆ ಹೆದರಿ ಕಲಾ ವಿಭಾಗ ಸೇರಿದ ನಾನು ಅರ್ಧ ನಿಮಿಷ ವಿಜ್ಞಾನಿಯಾದೆ. ಅದೇ ಜೋರಿನಲ್ಲಿ, "ಹಂಗಾದ್ರೆ ಒಂದು ಸುತ್ತು ಸಾಕಲ್ಲ, ಮೂರ್ಯಾಕೆ?" ಎಂದೆ.

ಅವರ ನಗು ನಿಂತಿತು. ದಡ್ಡ ಪ್ರಶ್ನೆ ಕೇಳಿದೆನೇನೋ ಎಂದು ಅಡುಗೆಮನೆಗೆ ಹೊರಟೆ.

"ಇರಿ ಅಕ್ಕ. ಒಂದರೊಳಗೊಂದು ಇರಬೌದು. ಮೂರನೇದು ಅದೆ ಅಂತ ಹೋದ ವರ್ಷ ಚಾಮರಾಜನಗರದ ಸೆಮಿನಾರಲ್ಲಿ ಹೇಳ್ಬುಟ್ಟೆ. ಎಲ್ಲರೂ ತಲೆ ಆಡಿಸಿ, ಉಪ್ಪಿಟ್ಟು ತಿಂದು ಹೋದ್ರು. ಲೆಕ್ಕದ ತಪ್ಪು ಅಲ್ಲೇ ಬೋರ್ಡ್ ಮೇಲಿತ್ತು. ಒಬ್ರೂ ಕೇಳ್ಲಿಲ್ಲ, ನಂಗೂ ಕಾಣ್ಲಿಲ್ಲ."

"ಈಗ?"

"ಮೊನ್ನೆಯಿಂದ ಸಿಕ್ತು ಅನ್ನಿಸ್ತಾ ಅದೆ. ಆಗ್ಲೂ ಹಿಂಗೇ ಅನ್ನಿಸಿತ್ತು. ಶನಿವಾರ ಅಲ್ಲೇ, ಗೈಡ್ ಮುಂದೆ ಹೇಳ್ಬೇಕು. ಮತ್ತೆ ತಪ್ಪಿದ್ರೆ ಪಿಎಚ್.ಡಿ. ಬುಟ್ಬುಡಿ ಅಂದವ್ರೆ."

ಒಳಗೆ ಹೋಗಿ ಕಾಫಿ ತಂದುಕೊಟ್ಟೆ. ಅವರು ಲೋಟ ಕೆಳಗಿಟ್ಟರು.

"ಅಕ್ಕ, ಅದಕ್ಕೆ ಮುಂಚೆ ಒಂದ್ಸಲ ಎಲ್ಲಾನೂ ನಿಮಗೆ ಹೇಳ್ತೀನಿ. ತಿಳೀದಿದ್ದ ಕಡೆ ತಿಳೀಲಿಲ್ಲ ಅಂದ್ಬುಡಿ. ದಮ್ಮಯ್ಯ, ತಲೆ ಮಾತ್ರ ಆಡಿಸ್ಬೇಡಿ."