ನಾದಿನಿ ಕಲಿಸಿದ ಐರಿಶ್ ಹೆಜ್ಜೆ

ಟ್ಯಾಪ್ ಡಾನ್ಸಿನ ಐರಿಶ್ ಎಂಬ ಹೆಜ್ಜೆಯನ್ನು ನನಗೆ ಕಲಿಸಿದವಳು ನನ್ನ ನಾದಿನಿ. ಮುಧೋಳದಿಂದ ಬನಹಟ್ಟಿಗೆ ಸೊಸೆಯಾಗಿ ಬಂದ ನನಗೆ ಆ ಮನೆಯಲ್ಲಿ ನನ್ನವಳು ಅಂತ ಇದ್ದವಳು ಅವಳೊಬ್ಬಳೇ. ತನ್ನ ಮದುವೆಯ ಹಿಂದಿನ ಸಂಜೆ ಇಬ್ಬರೂ ಜೋಡಿಯಾಗಿ, ಬೂಟಿನಡಿಯ ತಗಡಿನಿಂದ ನೆಲ ಬಡಿದು ತಾಳ ಹಾಕುವ ಈ ಡಾನ್ಸ್ ಮಾಡೋಣ ಎಂದು ಮೊಬೈಲಿನಲ್ಲಿ ವಿಡಿಯೋ ತೋರಿಸಿದವಳೂ ಅವಳೇ. ನನ್ನ ಮದುವೆಯಲ್ಲಿ ತಲೆ ತಗ್ಗಿಸಿ ಕೂತು ಕತ್ತು ನೋಯಿಸಿಕೊಂಡದ್ದೇ ಬಂತು. ಕೂಡಲೇ ಒಪ್ಪಿದೆ.

ನಮ್ಮಿಬ್ಬರ ಹಳೆಯ ಬೂಟುಗಳ ಅಡಿಗೆ ನಾನೇ ತಗಡು ಹೊಡೆಸಿಕೊಂಡು ಬಂದೆ. ಅಭ್ಯಾಸಕ್ಕೆ ಮನೆಯ ಹಿಂದಿನ ಪವರ್‌ಲೂಮ್ ಶೆಡ್ಡಿನ ಮೂಲೆ. ಮಗ್ಗಗಳ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳುವುದಿಲ್ಲ, ಇನ್ನು ನಮ್ಮ ಬೂಟಿನ ಸದ್ದು ಅತ್ತೆಗೆಲ್ಲಿ ಕೇಳಬೇಕು! ಒಂದು ಕಾಲಿನ ತುದಿಯನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಉಜ್ಜಬೇಕು, ನಿಂತ ಕಾಲಿನಲ್ಲೇ ಜಿಗಿಯಬೇಕು, ಆಮೇಲೆ ಎತ್ತಿದ ಕಾಲನ್ನು ಊರಬೇಕು. ಅಷ್ಟೇ. ಆದರೆ ಆ ಜಿಗಿತ ನಾದಿನಿಗೆ ಯಾವಾಗಲೂ ಮರೆತುಹೋಗುತ್ತಿತ್ತು. ಕೊನೆಗೆ ಕಲಿಸಿದವಳ ಕಿವಿಯಲ್ಲಿ ನಾನೇ "ಉಜ್ಜ, ಉಜ್ಜ, ಜಿಗಿ, ಊರ" ಎಂದು ಕೂಗಬೇಕಾಯಿತು.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತವು, ನನ್ನ ಕಾಲು ನಿಲ್ಲಲಿಲ್ಲ. ಸದ್ದು ಕೇಳಿ ಅತ್ತೆ ಬಾಗಿಲಿಗೆ ಬಂದರು.

"ಏನಿದು ಕುಣದಾಟ? ಮಂದಿ ಏನ ಅಂದಾರು?"

ನಾದಿನಿ ಆಗಲೇ ಬೂಟು ಬಿಚ್ಚಿ ಬದಿಗೆ ಸರಿಸಿದ್ದಳು. "ನಾ ಬ್ಯಾಡ ಅಂದೆ ಬೇ ಯವ್ವಾ. ವೈನೀನ ಕೇಳಲಿಲ್ಲ."

ವೈನಿ ಅಂದರೆ ಅತ್ತಿಗೆ, ನಾನು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು ನಕ್ಕುಬಿಟ್ಟೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಅತ್ತೆ ಬೂಟುಗಳನ್ನು ಅಟ್ಟಕ್ಕೆ ಎಸೆದರು. ನಾನು ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯಲು ಕೂತೆ. ಅವತ್ತು ರೊಟ್ಟಿಗೆ ಬಿದ್ದ ಏಟುಗಳು ಯಾರಿಗೆ ಬೀಳಬೇಕಿತ್ತು ಎಂಬುದು ನನಗೆ ಗೊತ್ತು. ಅವಳು ಬಂದು ತಪ್ಪಾಯಿತು ಅಂದಾಳು ಎಂದು ಕಾದೆ. ಬರಲಿಲ್ಲ.

ಮದುವೆಯ ಹಿಂದಿನ ಸಂಜೆ ಜಮಖಂಡಿಯ ಕಲ್ಯಾಣ ಮಂಟಪದಲ್ಲಿ ಅವಳು ಅದೇ ಹೆಜ್ಜೆ ಹಾಕಿದಳು, ಕಾಲೇಜಿನ ಗೆಳತಿಯ ಜೊತೆ. ಗೆಳತಿಯ ಕಾಲಲ್ಲಿ ಅಟ್ಟ ಸೇರಿದ್ದ ನನ್ನ ಬೂಟು! ಮುಂದಿನ ಸಾಲಿನಲ್ಲಿ ಅತ್ತೆ ಬೀಗರಿಗೆ ಹೇಳುತ್ತಿದ್ದರು, "ನಮ್ಮ ಹುಡಿಗಿ ತಾನ ಕಲ್ತಾಳ್ರಿ, ಮೊಬೈಲ್ ನೋಡಿ."

ಜಿಗಿಯುವ ಜಾಗ ಬಂತು. ನಾದಿನಿಯ ಕಣ್ಣು ಜನರ ನಡುವೆ ನನ್ನನ್ನು ಹುಡುಕಿ ಹಿಡಿಯಿತು. ನನ್ನ ತುಟಿ ಅಲ್ಲಾಡಿದ್ದರೂ ಸಾಕಿತ್ತು. ಬಾಯಿ ಬಿಗಿಹಿಡಿದು ಅವಳನ್ನೇ ನೋಡುತ್ತ ಕೂತೆ. ಅವಳು ತಪ್ಪಿದಳು, ನಕ್ಕು ಮುಂದುವರಿಸಿದಳು. ಜನರಿಗೆ ಏನೂ ತಿಳಿಯಲಿಲ್ಲ, ಚಪ್ಪಾಳೆ ಜೋರಾಗಿಯೇ ಬಿತ್ತು.

ವೇದಿಕೆ ಇಳಿದವಳು ನೇರ ನನ್ನ ಬಳಿ ಬಂದಳು. ಕಣ್ಣಲ್ಲಿ ನೀರಿತ್ತು.

"ಜಿಗಿ ಅಂತ ಯಾಕ ಹೇಳಲಿಲ್ಲ ವೈನಿ? ನಿನ್ನ ನಂಬಿದ್ದೆ ನಾ."