ಇಲ್ಲಿ ಹಲ್ಲು ನೋಡಲಾಗುವುದು

ದೋಸ್ತರೇ, ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಅಕ್ಕನ ಮಗ ಮುಂಬಯಿಯೊಳಗ ಕಲಿತು ಬಂದು ನಮ್ಮ ಇಂಡಿ ಊರಾಗ ಹಲ್ಲಿನ ದವಾಖಾನಿ ತೆಗೆದು ವಾರ ಆತು. ಒಬ್ಬ ರೋಗಿಯೂ ಬರಲಿಲ್ಲ. ಕಡಿಗೆ ನಾನೇ ಮುತ್ತಿನಂಥ ಅಕ್ಷರದಾಗ ‘ಇಲ್ಲಿ ಹಲ್ಲು ನೋಡಲಾಗುವುದು’ ಅಂತ ಬೋರ್ಡು ಬರೆದು ಹಾಕಿದೆ.

ಇವತ್ತು ಲಚ್ಯಾಣದ ರೈತನೊಬ್ಬ ಎತ್ತು ಹಿಡಕೊಂಡು ಬಂದ. “ಇದನ್ನ ಮಾರಬೇಕ್ರಿ. ಹಲ್ಲು ನೋಡಿ ವಯಸ್ಸು ಹೇಳ್ರಿ. ಡಾಕ್ಟರ್ ಹೇಳಿದ್ರ ಕೊಳ್ಳಾವ ನಂಬತಾನ.”

ಅವನ ಗಲ್ಲ ಬಾತು ಬದನಿಕಾಯಿ ಆಗಿತ್ತು. “ಮೊದಲ ನಿನ್ನ ಹಲ್ಲು ತೋರಸೋ,” ಅಂದೆ.

“ನಂದ್ಯಾಕ್ರಿ ಕಾಕಾ? ನನ್ನ ಯಾರು ಕೊಳ್ಳಾವ್ರದಾರ?”

ನಾನು ಆಗಿಂದಾಗ ಬೋರ್ಡಿನ್ಯಾಗ ‘ಹಲ್ಲು’ ಅನ್ನೋದರ ಮೊದಲ ‘ಮನುಷ್ಯರ’ ಅಂತ ಸೇರಿಸಿದೆ. ತಿರುಗಿ ನೋಡಿದ್ರ ನಮ್ಮ ಡಾಕ್ಟರ್ ಎತ್ತಿನ ಹಲ್ಲು ನೋಡಾಕತ್ತಾನ. ವಾರದಾಗ ಅವನ ಮುಂದ ತೆರೆದ ಮೊದಲ ಬಾಯಿ ಅದೇ.